ಮುಳುಗಿದವರು ಮಳೆಯ ಲೆಕ್ಕ ಹಾಕುತ್ತಾರೆ

(ಹನ್ನೊಂದನೇ ಕಂತು)

"ಎಲ್ಲಾ ತಿರುಪೂ ಬಿಚ್ಚಿ," ಎಂದಳು ಜಿಗಣೆ.

ಟೈಲರಮ್ಮ ಬಿಚ್ಚಿದಳು. ಕಂಪ್ಯೂಟರಿನ ತಗಡಿನ ಪಕ್ಕೆ ಕಿರ್ರೆಂದು ಕಳಚಿ ಅವಳ ಮಡಿಲಿಗೆ ಬಿತ್ತು. ಒಳಗೆ ತಂತಿ ಕಾಣಲಿಲ್ಲ, ಹಲಗೆ ಕಾಣಲಿಲ್ಲ. ಬರೀ ಮಣ್ಣು. ನದಿಯ ಮಣ್ಣು ಪದರು ಪದರಾಗಿ ಕೂತು, ಒಣಗಿ, ಬಾಯಿ ಬಿಟ್ಟಿತ್ತು. ಬಿರುಕಿನಲ್ಲೊಂದು ಬಸವನಹುಳುವಿನ ಚಿಪ್ಪು ಸಿಕ್ಕಿಕೊಂಡಿತ್ತು.

"ನಿಮ್ಮ ಯಜಮಾನರಿಗೆ ಬೇರೆ ಕಂಪ್ಯೂಟರ್ ಇರ್ಲಿಲ್ಲ ತಾನೆ?"

"ಇನ್ನೊಂದು ಎಲ್ಲಿ ಇಡೋದು, ತಲೆ ಮೇಲಾ? ಇದನ್ನ ತಂದಾಗಲೇ ನನ್ನ ಹೊಲಿಗೆ ಮಿಷಿನ್ನು ಬಾಗಿಲಿಗೆ ಹೋಗಿ ಕೂತ್ಕೊಳ್ತು."

ಜಿಗಣೆ ತನ್ನ ಫೋನನ್ನು ಮಣ್ಣಿನ ಪಕ್ಕಕ್ಕೆ ಹಿಡಿದಳು. ತೆರೆಯ ಮೇಲೆ, ಮಳೆಯ ಲೆಕ್ಕ ಮಾಡುವ 'ಕೆಳಬೀದಿ' ತಂಡದ ಸದಸ್ಯರ ಹೆಸರುಗಳು ಸಾಲಾಗಿ ನಿಂತಿದ್ದವು. ಬೇಕರಿಯವನು ತನಗೆ ತಾನೇ ಇಟ್ಟುಕೊಂಡ ಹೆಸರು ಬನ್ನು. ಬಟ್ಟೆ ಇಸ್ತ್ರಿ ಮಾಡುತ್ತಿದ್ದವಳದು ಗರಿಗರಿ. ಟೈಲರಮ್ಮನ ಗಂಡನದು ಸೂಜಿ. ಒಬ್ಬೊಬ್ಬರ ಮುಂದೆಯೂ ಅವರವರ ಅಂಕ. ಇವಳು ನೋಡನೋಡುತ್ತಿದ್ದಂತೆ ಸೂಜಿಯ ಅಂಕ ಏರಿತು.

ಸೂಜಿ ಸತ್ತು ಒಂದು ಮಳೆಗಾಲ ಕಳೆದಿತ್ತು. ಅವನ ಕಂಪ್ಯೂಟರಿನ ಹೊಟ್ಟೆಯಲ್ಲಿ ಹೂಳು ತುಂಬಿತ್ತು. ಆದರೂ ಅವನು ಎಲ್ಲೋ ಕೂತು ಲೆಕ್ಕ ಮಾಡುತ್ತಿದ್ದ.

ಅಣೆಕಟ್ಟಿನ ಕಂಪನಿ ಸೈರನ್ನೂ ಕೂಗಿಸದೆ ಗೇಟು ಎತ್ತಿ ಕೆಳಬೀದಿಯನ್ನು ನುಂಗಿತ್ತು. ಅಂಥ ಮಳೆ ಸಾವಿರ ವರ್ಷಕ್ಕೊಮ್ಮೆ, ಆಕಾಶದ ತಪ್ಪಿಗೆ ನಾವೇನು ಮಾಡೋಣ ಎಂದು ನಾಳೆ ಬೆಳಿಗ್ಗೆ ಅದೇ ಕಂಪನಿ ನ್ಯಾಯಾಲಯದಲ್ಲಿ ಕೈ ತೊಳೆದುಕೊಳ್ಳಲಿತ್ತು. ತೊಳೆಯುವ ನೀರನ್ನು ಒದಗಿಸುತ್ತಿದ್ದದ್ದು ಈ ಸತ್ತವರ ಲೆಕ್ಕ.

"ಇದು ನಿಮ್ಮ ಕಣ್ಣಿಗೆ ಬಿದ್ದದ್ದು ಹೇಗೆ?"

"ಅವರ ಹೆಸರನ್ನಾದ್ರೂ ನೋಡೋಣ ಅನ್ನಿಸ್ತು. ಅದಕ್ಕೇ ಫೋನಲ್ಲಿ ಈ ಪಟ್ಟಿ ತೆರೆದೆ." ಟೈಲರಮ್ಮ ಬಸವನಹುಳುವಿನ ಚಿಪ್ಪನ್ನು ಉಗುರಿನಿಂದ ಕಿತ್ತಳು. "ನೋಡಿದ್ರೆ, ಬದುಕಿದ್ದಾಗಿಗಿಂತಲೂ ಜೋರಾಗಿ ದುಡೀತಿದ್ದಾರೆ."

ಜಿಗಣೆ ಹಿಂದೆ ವಿಮಾ ಕಂಪನಿಯೊಂದರಲ್ಲಿ ತನಿಖೆ ಮಾಡುತ್ತಿದ್ದವಳು. ಕಚ್ಚಿದರೆ ಬಿಡುವುದಿಲ್ಲ ಎಂದು ಅಲ್ಲಿಯ ಸಾಹೇಬರು ಬೈಗುಳವಾಗಿ ಇಟ್ಟ ಹೆಸರನ್ನು ಅವಳು ಬಿರುದಿನಂತೆ ಹೊತ್ತುಕೊಂಡು ಆಚೆ ಬಂದಿದ್ದಳು. ಈಗ ಕೆಳಬೀದಿಯವರ ಪರವಾಗಿ ಓಡಾಡುತ್ತಿದ್ದಳು. ಕೆಳಬೀದಿಯವರೇನೂ ಅವಳನ್ನು ತಲೆಯ ಮೇಲೆ ಹೊತ್ತಿರಲಿಲ್ಲ.

"ಈ ಲೆಕ್ಕ ಏನೂಂತ ನಿಮ್ಮ ಯಜಮಾನರು ನಿಮಗೆ ಯಾವತ್ತಾದ್ರೂ ಹೇಳಿದ್ರಾ?"

"ಒಂದೇ ಅಳತೆ, ಎರಡು ಬಟ್ಟೆ ಅನ್ನೋರು." ಟೈಲರಮ್ಮ ನೆಲದ ದೂಳಿನಲ್ಲಿ ಬೆರಳಿನಿಂದ ಎರಡು ಚೌಕ ಗೀಚಿದಳು. "ಒಂದು ಬಟ್ಟೆ ಈಗಿನ ಲೋಕ. ಗಾಡಿ ಹೊಗೆ, ಚಿಮಣಿ ಹೊಗೆ, ಎಲ್ಲಾ ಕುಡಿದು ಬಿಸಿಯಾಗಿರೋದು. ಇನ್ನೊಂದು, ಆ ಹೊಗೆ ಇಲ್ಲದೇ ಹೋಗಿದ್ರೆ ಇರ್ತಿದ್ದ ಲೋಕ. ಎರಡರಲ್ಲೂ ಅದೇ ಮಳೆಗಾಲನ ಸಾವಿರ ಸಲ ಸುರಿಸಿ ನೋಡೋದು. ಯಾವುದರಲ್ಲಿ ಎಷ್ಟು ಸಲ ಊರು ಮುಳುಗುತ್ತೆ ಅಂತ. ಅಷ್ಟೊಂದು ಲೆಕ್ಕ ಮಾಡೋ ದೊಡ್ಡ ಮಿಷಿನ್ನು ವಿಜ್ಞಾನಿಗಳ ಹತ್ರ ಇಲ್ವಂತೆ. ಅದಕ್ಕೇ ಮನೆ ಮನೆ ಕಂಪ್ಯೂಟರು ಸುಮ್ನಿರೋ ಹೊತ್ತಲ್ಲಿ ಒಂದೊಂದು ತುಂಡು ಮಾಡಿಕೊಡೋದು. ಪುಗಸಟ್ಟೆ."

"ಪುಗಸಟ್ಟೆ ಅಲ್ಲ, ಅಂಕ ಬರುತ್ತೆ."

"ಅಂಕ ಹಾಕಿ ಸಾರು ಮಾಡೋಕಾಗುತ್ತಾ?"

ಜಿಗಣೆಗೆ ನಗು ಬಂತು. ಟೈಲರಮ್ಮನಿಗೆ ಬರಲಿಲ್ಲ.

ಈ ಲೆಕ್ಕದ ಯೋಜನೆ ನಡೆಸುವ ಪ್ರೊಫೆಸರು ಫೋನಿನಲ್ಲಿ ಹೇಳಿದ್ದನ್ನು ಜಿಗಣೆ ತಲೆಯಲ್ಲಿ ಮತ್ತೆ ಮಗುಚಿ ನೋಡಿದಳು. ಒಂದೇ ತುಂಡನ್ನು ಎರಡು ಬೇರೆ ಬೇರೆ ಮನೆಗಳಿಗೆ ಕಳಿಸುತ್ತಾರೆ. ಎರಡು ಮನೆಯ ಉತ್ತರವೂ ತಾಳೆಯಾದರೆ ಅದು ನಿಜವೆಂದು ಲೆಕ್ಕ. ತಾಳೆಯಾಗದಿದ್ದರೆ ಮೂರನೇ ಮನೆಗೆ ಹೋಗುತ್ತದೆ. ಉತ್ತರವೇ ಬರದಿದ್ದರೂ ಅಷ್ಟೇ. ಮೋಸ ಮಾಡಲು ಜಾಗವೆಲ್ಲಿದೆ ಎಂದು ಪ್ರೊಫೆಸರು ಹೆಮ್ಮೆಪಟ್ಟಿದ್ದರು. ನದಿಯ ಲೆಕ್ಕವನ್ನು ನದಿಯ ಜನರೇ ಮಾಡಲಿ ಎಂಬ ಆಸೆಯಿಂದ ಇಲ್ಲಿಯ ಮಳೆಯ ತುಂಡುಗಳನ್ನು ಮೊದಲು ಇಲ್ಲಿಯ ಸದಸ್ಯರಿಗೇ ಹಂಚಿದ್ದೇವೆ ಎಂದೂ ಹೇಳಿದ್ದರು.

ಒಳ್ಳೆಯತನ ಬಾಗಿಲು ಹಾಕುವುದನ್ನು ಮರೆತಿತ್ತು. ಎರಡು ಮನೆಯೂ ಸತ್ತವರದೇ ಆಗಿ, ಎರಡು ಹೆಸರಿನ ಹಿಂದೆಯೂ ಒಂದೇ ಕೈ ಇದ್ದರೆ, ಸುಳ್ಳಿನ ಪರವಾಗಿ ಸುಳ್ಳೇ ಬಂದು ಸಾಕ್ಷಿ ನುಡಿಯುತ್ತದೆ.

"ಕೆಳಬೀದಿಯಲ್ಲಿ ಎಲ್ಲರ ಪಾಸ್‌ವರ್ಡೂ ಗೊತ್ತಿದ್ದೋರು ಯಾರು?"

ಟೈಲರಮ್ಮ ತಲೆಯೆತ್ತಿದಳು. "ಕೇಳಿಬಿಟ್ರಲ್ಲ, ಸದ್ಯ! ಕಂಪನಿ ಮ್ಯಾನೇಜರ್ ಬಾಗಿಲು ತಟ್ಟಿದ್ರಿ. ಪ್ರೊಫೆಸರ್ ಬಾಗಿಲು ತಟ್ಟಿದ್ರಿ. ಮನೆ ಮನೆಗೆ ಬಂದು ಕಂಪ್ಯೂಟರು ಕೂಡಿಸಿ, ಪಾಸ್‌ವರ್ಡ್ ಹಾಕಿಕೊಟ್ಟ ಮೇಷ್ಟ್ರ ಬಾಗಿಲು ಮಾತ್ರ ನಿಮಗೆ ಕಾಣ್ಲಿಲ್ಲ."

"ಕಾಣ್ತು."

"ಕಾಣದೆ ಏನು? ನಿಮ್ಮಕ್ಕನ ಗಂಡ ಅಲ್ವಾ?"

ಜಿಗಣೆ ಎದ್ದು ಚಪ್ಪಲಿ ಮೆಟ್ಟಿಕೊಂಡಳು.

"ನಾನೂ ಬರ್ತೀನಿ," ಎಂದಳು ಟೈಲರಮ್ಮ. "ನೀವೊಬ್ಬರೇ ಹೋದ್ರೆ ಸಂಬಂಧಿಕರ ಭೇಟಿ ಆಗುತ್ತೆ."

---

ಬೇಸಿಗೆ ರಜೆಯಲ್ಲಿ ಮೇಷ್ಟ್ರ ಶಾಲೆ ಬಿಕೋ ಎನ್ನುತ್ತಿತ್ತು. ಬಿಸಿಲಿಗೆ ಆಟದ ಬಯಲು ಸುಟ್ಟು ಬೂದಿಯ ಬಣ್ಣಕ್ಕೆ ತಿರುಗಿತ್ತು. ಗೇಟಿಗೆ ಬೀಗ. ಬಾಗಿಲುಗಳಿಗೆ ಬೀಗ. ನಲ್ಲಿಯಲ್ಲಿ ಹನಿ ನೀರಿಲ್ಲ.

ಜಿಗಣೆ ಬೇಲಿ ದಾಟಿ ಕಟ್ಟಡವನ್ನು ಒಂದು ಸುತ್ತು ಹಾಕಿ ಹಿಂದಿನ ಗೋಡೆಯ ಬಳಿ ನಿಂತಳು. ಅಲ್ಲೊಂದು ಕಡೆ, ಒಂದು ಕಿಟಕಿಯ ಕೆಳಗೆ ಮಾತ್ರ, ಹುಲ್ಲು ಮೊಣಕಾಲೆತ್ತರ ಬೆಳೆದು ಹಸಿರಾಗಿತ್ತು. ಮೇಲೆ ನೋಡಿದಳು. ಏಸಿಯ ಪೆಟ್ಟಿಗೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಇವತ್ತು ನಿನ್ನೆಯ ನೀರಿಗೆ ಹುಲ್ಲು ಅಷ್ಟು ಎತ್ತರ ಬೆಳೆಯುವುದಿಲ್ಲ.

"ಮಕ್ಕಳಿಲ್ಲದ ಶಾಲೇಲಿ ಯಾರಿಗಪ್ಪಾ ತಂಪು ಗಾಳಿ?" ಎಂದಳು ಟೈಲರಮ್ಮ.

ಆ ಕಿಟಕಿಯ ಪಕ್ಕದ ಬಾಗಿಲು ಮಾತ್ರ ತೆರೆದಿತ್ತು. ಒಳಗೆ ಕಾಲಿಟ್ಟೊಡನೆ ಚಳಿ ಮುಖಕ್ಕೆ ಬಡಿಯಿತು. ಗೂಡಿನ ತುಂಬ ಜೇನು ಗುಂಯ್‌ಗುಟ್ಟಿದಂಥ ಸದ್ದು. ಕೋಣೆಯ ಉದ್ದಕ್ಕೂ ಹೊಚ್ಚ ಹೊಸ ಕಂಪ್ಯೂಟರುಗಳು ಸಾಲುಗಟ್ಟಿ ಕೂತಿದ್ದವು. ಎಲ್ಲದರ ತೆರೆಯೂ ಉರಿಯುತ್ತಿತ್ತು. ಒಂದೊಂದರ ಹಣೆಯ ಮೇಲೂ ಬಿಳಿ ಟೇಪು, ಟೇಪಿನ ಮೇಲೆ ಮೇಷ್ಟ್ರ ದುಂಡು ಅಕ್ಷರ. ಬನ್ನು. ಗರಿಗರಿ. ಹಾಲಣ್ಣ. ಚೋಟುಮೆಣಸು.

ಟೈಲರಮ್ಮ ಸಾಲಿನ ನಡುವೆ ನಡೆದುಕೊಂಡು ಹೋಗಿ ಸೂಜಿ ಎಂದು ಬರೆದದ್ದರ ಮುಂದೆ ನಿಂತಳು. ಅದರ ನೆತ್ತಿಯ ಮೇಲೆ ಅಂಗೈ ಇಟ್ಟಳು.

"ಬಿಸಿ ಇದೆ," ಎಂದಳು. ಅವಳ ದನಿ ಮೊದಲ ಸಲ ಸಣ್ಣದಾಯಿತು. "ಮೈ ಬಿಸಿ ಇದೆ ಇವರಿಗೆ."

"ಮುಟ್ಟಬೇಡಿ!"

ಕೋಣೆಯ ಕೊನೆಯಿಂದ ಮೇಷ್ಟ್ರು ಎದ್ದು ಬಂದರು. ಜಿಗಣೆಯ ಭಾವ. ತೆಳ್ಳನೆಯ ಮನುಷ್ಯ, ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಚಳಿಗೆ ಕುತ್ತಿಗೆಗೆ ಸುತ್ತಿದ ಟವೆಲು. ಜಿಗಣೆಯನ್ನು ಕಂಡದ್ದೇ ಅವರ ಮುಖ ಗಂಟಿಕ್ಕಿತು.

"ಓಹೋ. ನಾದಿನಿಯವರು ದಯಮಾಡಿಸಿದ್ದಾರೆ. ಮನೆಗೆ ಬಂದು ನಿಮ್ಮಕ್ಕನ ಮುಖ ನೋಡೋಕೆ ಪುರುಸೊತ್ತಿಲ್ಲ. ಇಲ್ಲಿಗೆ ಬರೋಕೆ ಸಿಕ್ತು."

"ಮನೇಲಿ ನೀವು ಸಿಗಲ್ವಲ್ಲ ಭಾವ. ಸತ್ತವರ ಜೊತೆ ಸಂಸಾರ ಹೂಡಿದ್ದೀರಿ."

"ನಾಲಿಗೆ ಬಿಗಿ ಹಿಡಿದು ಮಾತಾಡು."

"ಈ ಮಿಷಿನ್ನೆಲ್ಲ ಕೊಟ್ಟೋರು ಯಾರು?"

"ದಾನಿಗಳು."

"ದಾನಿಗಳಿಗೆ ಒಂದು ಅಣೆಕಟ್ಟು ಇದೆಯಾ?"

ಭಾವನ ಕಣ್ಣು ಚಾವಣಿಯ ಮೂಲೆಗೆ ಹೋಗಿ ಬಂತು. ಜಿಗಣೆಯೂ ನೋಡಿದಳು. ಅಲ್ಲೊಂದು ಪುಟ್ಟ ಕ್ಯಾಮೆರಾ, ಕೆಂಪು ಚುಕ್ಕೆ ಹೊತ್ತಿಸಿಕೊಂಡು ಕೂತಿತ್ತು.

"ಅದೂ ದಾನವೇ?"

"ಕಳ್ಳರ ಕಾಟ ಅಂತ ಅವರೇ ಹಾಕಿಸಿದ್ರು. ಏನೀಗ? ನನ್ನ ಮೇಲೆ ತನಿಖೆನಾ? ಕೆಳಬೀದೀಲಿ ಯಾರಿಗೆ ಕಂಪ್ಯೂಟರ್ ಗೊತ್ತಿತ್ತು? ಮನೆ ಮನೆಗೆ ಹೋಗಿ ಕೂಡಿಸಿದ್ದು ನಾನು. ತಂಡ ಕಟ್ಟಿದ್ದು ನಾನು. ಪ್ರಪಂಚದ ತಂಡಗಳಲ್ಲೆಲ್ಲ ನಮ್ಮ ಹರಕು ಬೀದಿ ಮೇಲಿತ್ತು, ಗೊತ್ತಾ ನಿನಗೆ? ನೀರು ಬಂತು. ಎಲ್ಲಾ ಹೋಯ್ತು. ಒಬ್ಬೊಬ್ಬರದೇ ಅಂಕ ನಿಂತುಹೋಗೋದನ್ನ ಕೂತು ನೋಡಿದೆ. ತಂಡ ಪಾತಾಳಕ್ಕೆ ಇಳೀತಾ ಬಂತು. ಆಗ ಈ ದಾನಿಗಳು ಬಂದ್ರು. ಸತ್ತವರ ಹೆಸರಲ್ಲೇ ಲೆಕ್ಕ ಮುಂದುವರೀಲಿ, ಅದಕ್ಕಿಂತ ದೊಡ್ಡ ಸ್ಮಾರಕ ಬೇಕಾ ಅಂದ್ರು. ತಪ್ಪೇನಿದೆ? ಕಲ್ಲು ನೆಟ್ಟು ಹಾರ ಹಾಕೋದಕ್ಕಿಂತ ಇದು ಮೇಲಲ್ವಾ?"

"ಸ್ಮಾರಕ," ಎಂದಳು ಟೈಲರಮ್ಮ. "ನನ್ನನ್ನ ಒಂದು ಮಾತು ಕೇಳಿದ್ರಾ ಮೇಷ್ಟ್ರೇ?"

ಮೇಷ್ಟ್ರು ಅವಳ ಕಡೆ ತಿರುಗಲಿಲ್ಲ.

"ಭಾವ, ದಿನಾ ಇಲ್ಲಿ ಕೂತು ಏನು ನೋಡ್ತೀರಿ?"

"ಅಂಕ ನೋಡ್ತೀನಿ. ಮಿಷಿನ್ನು ನಿಲ್ಲಬಾರದಲ್ಲ."

"ಮಳೆ ನೋಡಿದ್ದೀರಾ?"

"ಏನು?"

"ಇವರೆಲ್ಲ ಲೆಕ್ಕ ಹಾಕ್ತಿರೋದು ನಮ್ಮ ನದಿ ಮಳೆನ. ಆ ಮಳೆ ಹೇಗೆ ಬರ್ತಿದೆ ಅಂತ ಒಂದು ಸಲವಾದ್ರೂ ತೆರೆದು ನೋಡಿದ್ದೀರಾ? ಊರು ಮುಳುಗಿದ ವಾರ ತೆಗೀರಿ. ಯಾವ ಮಿಷಿನ್ನಾದ್ರೂ ಸರಿ."

"ನೀನು ಹೇಳಿದ್ದಕ್ಕೆಲ್ಲ ಕುಣಿಯೋಕೆ ನಾನೇನು..."

"ಇದನ್ನ ತೆಗೀರಿ." ಟೈಲರಮ್ಮನ ಕೈ ಇನ್ನೂ ಗಂಡನ ಹೆಸರಿನ ಮಿಷಿನ್ನಿನ ಮೇಲಿತ್ತು. "ಇವರ ಮಳೆ ನೋಡ್ಬೇಕು ನಾನು."

ಮೇಷ್ಟ್ರು ಕೂತರು. ಕೀಲಿಗಳ ಮೇಲೆ ಬೆರಳಾಡಿಸಿದರು. ತೆರೆಯ ಮೇಲೆ ನದಿಯ ಕಣಿವೆ ಮೂಡಿತು, ಅದರ ಮೇಲೆ ದಿನಗಳು ಒಂದೊಂದೇ ಸರಿದವು. ಮೋಡ ಗುಡ್ಡದ ಹಿಂದಿನಿಂದ ಬಂತು, ದಟ್ಟವಾಯಿತು, ಕಪ್ಪಾಯಿತು. ಕಣಿವೆಯ ನೆತ್ತಿಗೆ ಬಂದದ್ದೇ ಯಾರೋ ಬೆಣ್ಣೆಗೆ ಚಾಕು ಹಾಕಿದಂತೆ ಹರಿದುಹೋಯಿತು. ಊರು ಮುಳುಗಿದ ದಿನ ತೆರೆಯ ಮೇಲೆ ತುಂತುರು ಬಿದ್ದು ನಿಂತಿತು.

ಮೇಷ್ಟ್ರು ಏನೂ ಹೇಳದೆ ಪಕ್ಕದ ಕುರ್ಚಿಗೆ ಸರಿದರು. ಬನ್ನು ತೆಗೆದರು. ತುಂತುರು. ಗರಿಗರಿ. ತುಂತುರು. ಎದ್ದು ಎದುರು ಸಾಲಿಗೆ ಓಡಿದರು. ಹಾಲಣ್ಣನ ಲೋಕದಲ್ಲೂ ಮೋಡ ಅದೇ ಜಾಗದಲ್ಲಿ, ಅದೇ ಗಳಿಗೆಯಲ್ಲಿ ಹರಿದಿತ್ತು.

"ಇಲ್ಲ," ಎಂದರು. "ಇಲ್ಲ. ಅವತ್ತು ನಾನು... ಆ ನೀರಲ್ಲಿ ನಾನು ಎದೆ ಮಟ್ಟ ನಿಂತು ಹೆಣ ಎತ್ತಿದ್ದೀನಿ."

"ಪ್ರಾಮಾಣಿಕ ಮನೆಗಳ ಲೆಕ್ಕದಲ್ಲಿ ಈಗಿನ ಲೋಕಕ್ಕೆ ಅಂಥ ಮಳೆ ಹತ್ತು ವರ್ಷಕ್ಕೊಮ್ಮೆ ಬರುತ್ತೆ ಭಾವ. ಹೊಗೆ ಇಲ್ಲದ ಲೋಕದಲ್ಲಿ ಬರೋದೇ ಅಪರೂಪ. ಅಂದ್ರೇನು? ಹೊಗೆ ಉಗುಳಿದವರೇ ಮಳೆ ಕರೆದರು. ಮಳೆ ಬರುತ್ತೆ ಅಂತ ಕಂಪನಿಗೆ ಗೊತ್ತಿರಲೇಬೇಕಿತ್ತು. ಆದ್ರೂ ಕರೆಂಟು ಮಾರೋ ದುರಾಸೆಗೆ ಅಣೆಕಟ್ಟನ್ನ ಅಂಚಿನ ತನಕ ತುಂಬಿಸಿಕೊಂಡು ಕೂತರು. ಮಳೆ ಬಂದ ಕೂಡಲೇ ಗೇಟೆತ್ತಿ ನಮ್ಮ ಮೇಲೆ ಬಿಟ್ಟರು. ಈಗ ಈ ಮಿಷಿನ್ನುಗಳೊಳಗೆ ಮಳೆನೇ ಕತ್ತರಿಸಿ, ಸತ್ತವರ ಕೈಲೇ ಬರೆಸ್ತಿದ್ದಾರೆ, ಅಂಥ ಮಳೆ ಸಾವಿರ ವರ್ಷಕ್ಕೊಮ್ಮೆ ಅಂತ. ಕೊಂದವರಿಗೆ ಕೊಲೆಯಾದವರೇ ಸಾಕ್ಷಿ."

ಮೇಷ್ಟ್ರು ಟವೆಲಿನಲ್ಲಿ ಬಾಯಿ ಮುಚ್ಚಿಕೊಂಡರು. ಅಂಕ ಏರುವುದನ್ನೇ ನೋಡುತ್ತ ಕೂತಿದ್ದ ಕಣ್ಣು ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ಅಲೆಯಿತು. ಜಿಗಣೆಗೆ ಕನಿಕರ ಬರಲಿಲ್ಲ. ಕನಿಕರಕ್ಕೆ ಇವತ್ತು ಹೊತ್ತಿರಲಿಲ್ಲ.

"ಲೆಕ್ಕದ ಬಾಗಿಲು ಮುಚ್ಚೋದು ಇವತ್ತು ಸಂಜೆ ಅಲ್ವಾ?"

"ಹೂಂ. ಅಷ್ಟರೊಳಗೆ ಬಂದ ಉತ್ತರನೇ ಕೊನೆ. ಅದೇ ನ್ಯಾಯಾಲಯಕ್ಕೆ ಹೋಗುತ್ತೆ."

"ಹಾಗಾದ್ರೆ ಕೇಳಿ. ನೀವು ಮಾಡಿದ್ದನ್ನ ನೀವೇ ನಿಲ್ಲಿಸ್ಬೇಕು. ಒಂದೊಂದೇ ಮಿಷಿನ್ನು ಆರಿಸೋದಲ್ಲ. ಮೇನ್ ಸ್ವಿಚ್ ಇಳಿಸಿ. ಎಲ್ಲಾ ಸತ್ತವರೂ ಒಂದೇ ಉಸಿರಿಗೆ ನಿಲ್ಲಬೇಕು. ಬೇರೆ ಬೇರೆ ಬೀದೀಲಿ, ಬೇರೆ ಬೇರೆ ಮನೇಲಿ ಇದ್ದೀವಿ ಅಂತ ಹೇಳಿಕೊಂಡ ಇಷ್ಟೂ ಜನ ಒಂದೇ ಗಳಿಗೆಯಲ್ಲಿ ಮೌನ ಆದ್ರೆ ಪ್ರಪಂಚದ ಸದಸ್ಯರೆಲ್ಲ ನೋಡ್ತಾರೆ. ಪ್ರೊಫೆಸರಿಗೆ ನಾನು ಬಾಯಿ ಬಿಟ್ಟು ಹೇಳಲೇ ಬೇಕಾಗಿಲ್ಲ. ಒಂದೇ ಕೋಣೆ, ಒಂದೇ ಕೈ ಅಂತ ಅವರೇ ಎದ್ದು ಕೂಗ್ತಾರೆ."

"ನಾನು ಜೈಲಿಗೆ ಹೋಗ್ತೀನಿ."

"ಹೋಗ್ತೀರಿ."

"ನಿಮ್ಮಕ್ಕ?"

"ಅವಳಿಗೆ ನಾನಿದ್ದೀನಿ."

ಮೇಷ್ಟ್ರು ಹಾಲಣ್ಣನ ಹೆಸರಿನ ಟೇಪಿನ ಮೇಲೆ ಬೆರಳಾಡಿಸಿದರು. ಆಮೇಲೆ ಎದ್ದು ಬಾಗಿಲ ಪಕ್ಕದ ಸ್ವಿಚ್ ಪೆಟ್ಟಿಗೆಯ ಕಡೆ ನಡೆದರು. ಮುಚ್ಚಳ ತೆಗೆದು ದಪ್ಪ ಕರಿ ಹಿಡಿಯ ಮೇಲೆ ಕೈ ಇಟ್ಟರು. ಮೂಲೆಯ ಕ್ಯಾಮೆರಾವನ್ನು ದಿಟ್ಟಿಸಿ ನೋಡಿದರು. ಶಾಲೆಯ ಮಾಸ್ತರಿಕೆಯಲ್ಲಿ ಸವೆದ ಆ ಮುಖದಲ್ಲಿ ಮೊದಲ ಸಲ ಧೈರ್ಯಕ್ಕಿಂತ ದೊಡ್ಡದೇನೋ ಕಂಡಂತಾಯಿತು ಜಿಗಣೆಗೆ. ನಾಚಿಕೆ.

"ತಂಡದ ಪಟ್ಟಿ ತೆಗೆದಿಡು," ಎಂದರು. "ನಿಲ್ಲೋದನ್ನ ನೀನೇ ಕಣ್ಣಾರೆ ನೋಡು."

ಜಿಗಣೆ ಫೋನು ತೆಗೆದಳು. ಕೆಳಬೀದಿ ತಂಡ. ಹೆಸರುಗಳ ಸಾಲಿನ ಬುಡದಲ್ಲಿ ಹೊಸದೊಂದು ಹೆಸರು ಆಗಷ್ಟೇ ಬಂದು ಸೇರಿತ್ತು.

ಬೆಳ್ಳಿಮರಿ.

ಜಿಗಣೆ ತಲೆಯೆತ್ತಿದಳು. "ಭಾವ. ಅಕ್ಕನಿಗೆ ಅಮ್ಮ ಇಟ್ಟಿದ್ದ ಮುದ್ದಿನ ಹೆಸರು ನೀವು ಯಾರಿಗಾದ್ರೂ ಹೇಳಿದ್ದೀರಾ?"

"ಯಾಕೆ? ಅದು ಹೊರಗಿನವರಿಗೆ ಗೊತ್ತೇ ಇಲ್ಲ."

ಅವಳು ಫೋನನ್ನು ತಿರುಗಿಸಿ ತೋರಿಸಿದಳು. ಮುಳುಗಿ ಸತ್ತವರ ಹೆಸರುಗಳ ಕೆಳಗೆ, ಬದುಕಿರುವ ಒಂದೇ ಒಂದು ಹೆಸರು.

ಮೇಷ್ಟ್ರ ಕೈ ಹಿಡಿಯಿಂದ ಜಾರಿತು.

ಜಿಗಣೆ ಅಕ್ಕನಿಗೆ ಫೋನು ಮಾಡಿದಳು. ಎರಡನೇ ಸಲಕ್ಕೆ ಎತ್ತಿದಳು ಅಕ್ಕ.

"ಏನೇ ಮಹರಾಯ್ತಿ, ಬದುಕಿದ್ದೀಯಾ?"

"ಅಕ್ಕ, ಎಲ್ಲಿದ್ದೀಯಾ?"

"ಎಲ್ಲಿರ್ತೀನಿ, ಮನೇಲಿ. ನಿಮ್ಮ ಭಾವ ಹೊಸ ಕಂಪ್ಯೂಟರ್ ಕಳಿಸಿದ್ದಾರೆ ನೋಡು. ಒಂದು ಮಾತು ಹೇಳ್ಬಾರ್ದಾ? ಮನೆ ತುಂಬ ಹರವಿಕೊಂಡು ಕೂತಿದ್ದೆ, ಇಬ್ಬರು ಹುಡುಗರು ಬಂದು ಕೂಡಿಸ್ತಿದ್ದಾರೆ. ತುಂಬ ಮರ್ಯಾದಸ್ಥರು ಕಣೆ. ಯಾವ ಹೆಸರು ಹಾಕೋಣ ಅಮ್ಮ ಅಂತ ಕೇಳಿದ್ರು. ಹಾಕಿ, ಬೆಳ್ಳಿಮರಿ ಅಂತ ಅಂದೆ. ನಕ್ಕುಬಿಟ್ರು. ಟೀಗಿಟ್ಟಿದ್ದೀನಿ."

"ಅಕ್ಕ, ನನ್ನ ಮಾತು ಕೇಳು. ಚೀಲ ತಗೊಂಡು ಅಂಗಡಿಗೆ ಹೋಗ್ತೀನಿ ಅಂತ ಹೇಳಿ ಹೊರಗೆ ಬಾ."

"ಟೀಗಿಟ್ಟಿದ್ದೀನಿ ಅಂದ್ನಲ್ಲೇ. ನಿಂಗೇನು ಬಂತು?"

ಮೇಷ್ಟ್ರು ಪೆಟ್ಟಿಗೆಯ ಮುಚ್ಚಳ ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. ಎರಡೂ ಕೈ ಎತ್ತಿ ಮೂಲೆಯ ಕೆಂಪು ಚುಕ್ಕೆಗೆ ತೋರಿಸಿದರು. "ಮುಟ್ಟಿಲ್ಲ," ಎಂದರು ಜೋರಾಗಿ, ಗೋಡೆಗೆ ಕಿವಿಯಿದ್ದಂತೆ. "ನಾನೇನೂ ಮುಟ್ಟಿಲ್ಲ. ನಡೀತಾ ಇದೆ. ಎಲ್ಲಾ ನಡೀತಾ ಇದೆ."

"ಪಕ್ಕಕ್ಕೆ ಸರೀರಿ ಮೇಷ್ಟ್ರೇ." ಟೈಲರಮ್ಮ ಬಂದು ಎದುರಿಗೆ ನಿಂತಿದ್ದಳು.

"ತಾಯಿ, ನನ್ನ ಹೆಂಡತಿ ಅಲ್ಲಿ ಒಬ್ಬಳೇ..."

"ಟೈಲರಮ್ಮ, ಒಂದು ನಿಮಿಷ," ಎಂದಳು ಜಿಗಣೆ, ಫೋನಿಗೆ ಅಂಗೈ ಮುಚ್ಚಿ. "ಅಕ್ಕ ಆಚೆ ಬರಲಿ. ಆಮೇಲೆ ಇಳಿಸೋಣ."

"ಆಮೇಲೆ ಅಂದ್ರೆ ಯಾವಾಗ? ಬಾಗಿಲು ಮುಚ್ಚಿದ ಮೇಲಾ?"

"ಒಂದೇ ನಿಮಿಷ ಕೇಳ್ತಿದ್ದೀನಿ."

"ನಮಗೆ ಯಾರು ಕೊಟ್ಟರು ಒಂದು ನಿಮಿಷ?" ಟೈಲರಮ್ಮ ಕೂಗಲಿಲ್ಲ. ಕೂಗಿದ್ದರೆ ಜಿಗಣೆ ತಡೆದುಕೊಳ್ಳುತ್ತಿದ್ದಳು. "ಒಂದು ಸೈರನ್ ಕೂಗಿಸಿದ್ರೆ ಸಾಕಿತ್ತು. ಒಂದು ನಿಮಿಷ ಸಿಕ್ಕಿದ್ರೆ ಇವರು ಅಟ್ಟ ಹತ್ತಿ ಬದುಕ್ತಿದ್ರು. ಇಷ್ಟು ಹೊತ್ತು ನಮ್ಮ ಮನೆ ಹೆಸರುಗಳೇ ಇದ್ದವಲ್ಲ ಮೇಡಂ, ಆಗ ಗಟ್ಟಿಯಾಗೇ ಇತ್ತು ನಿಮ್ಮ ಕೈ. ನಿಮ್ಮ ಮನೇದು ಒಂದು ಹೆಸರು ಬಂದ ಕೂಡಲೇ ನಡುಗ್ತಿದೆ."

ಮೇಷ್ಟ್ರನ್ನು ಹಿಡಿದುಕೊಳ್ಳಬೇಕೋ, ಟೈಲರಮ್ಮನನ್ನೋ ಎಂಬುದು ಜಿಗಣೆಯ ಕಾಲುಗಳಿಗೆ ತಿಳಿಯಲಿಲ್ಲ. ಎರಡು ಹೆಜ್ಜೆ ಮುಂದೆ ಬಂದವಳು ನಿಂತುಬಿಟ್ಟಳು.

ಟೈಲರಮ್ಮ ಮೇಷ್ಟ್ರ ಭುಜ ಹಿಡಿದು, ಬಟ್ಟೆ ಸರಿಸುವಂತೆ ಪಕ್ಕಕ್ಕೆ ಸರಿಸಿದಳು. ಮುಚ್ಚಳ ತೆರೆದು ಕರಿ ಹಿಡಿಯನ್ನು ಎರಡೂ ಕೈಯಿಂದ ಇಳಿಸಿದಳು.

ಗುಂಯ್‌ಗುಡುವಿಕೆ ಸತ್ತಿತು. ತೆರೆಗಳು ಸಾಲುಸಾಲಾಗಿ ಕಪ್ಪಾದವು. ಮೂಲೆಯ ಕೆಂಪು ಚುಕ್ಕೆಯೂ ಆರಿತು. ಆ ಮೌನದಲ್ಲಿ ಸೂಜಿ, ಬನ್ನು, ಗರಿಗರಿ, ಎಲ್ಲರೂ ಎರಡನೇ ಸಲ ಉಸಿರು ನಿಲ್ಲಿಸಿದರು. ಈ ಸಲ ಲೋಕವೆಲ್ಲ ನೋಡುವಂತೆ.

ಜಿಗಣೆಯ ಅಂಗೈಯಲ್ಲಿ ಫೋನು ಇನ್ನೂ ಬದುಕಿತ್ತು. ಅದರೊಳಗೆ, ಅಕ್ಕನ ಮನೆಯಲ್ಲಿ, ಯಾವುದೋ ಇನ್ನೊಂದು ಫೋನು ಒಂದು ಸಲ ಗುಂಯ್ ಎಂದಿತು. ಗಂಡಸಿನ ದನಿಯೊಂದು "ಹೂಂ" ಎಂದಿತು, ಅಷ್ಟೇ. ಕುರ್ಚಿ ಸರಿದ ಸದ್ದು.

"ಅಕ್ಕ? ಅಕ್ಕಾ?"

"ಇದೀನಿ ಕಣೆ, ಯಾಕೆ ಕಿರಚ್ತೀಯಾ." ಆಮೇಲೆ ಅಕ್ಕ ಬಾಯಿಯನ್ನು ಫೋನಿನಿಂದ ತುಸು ದೂರ ಒಯ್ದು, ಯಾರನ್ನೋ ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. "ಯಾಕಪ್ಪಾ, ಟೀ ಆಯ್ತು, ಕುಡೀರಿ. ಇಷ್ಟು ಸೆಕೆಗೆ ಬಾಗಿಲು ಯಾಕೆ ಹಾಕ್ತಿದ್ದೀರಿ?"